ಕಪ್ಪು ಅಂಚಿನಲ್ಲಿ ಮೆತೋದಿ

ನನ್ನ ಗಂಡ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಮೊಟ್ಟೆ ಕೊಳ್ಳುವಾಗ.

ಸರೋವರದ ದಡದ ನಮ್ಮೂರು ಓಹ್ರಿದ್‌ನ ಸಂತೆಯಲ್ಲಿ ಮೊಟ್ಟೆ ಮಾರುವ ಸ್ತೋಯ್ನಾ ನನಗೆ ಇಪ್ಪತ್ತು ವರ್ಷದ ಪರಿಚಯ. ಅಷ್ಟು ವರ್ಷದಲ್ಲಿ ಒಡೆದ ಮೊಟ್ಟೆಯನ್ನು ಒಮ್ಮೆಯೂ ಬದಲಾಯಿಸಿ ಕೊಟ್ಟವಳಲ್ಲ. ಆ ದಿನ ಮಾತ್ರ ಹತ್ತು ಕೇಳಿದರೆ ಹನ್ನೆರಡು ಹಾಕಿದಳು. ದುಡ್ಡು ಕೊಡಲು ಚಾಚಿದ ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ದೇವರು ಅವನನ್ನ ಕ್ಷಮಿಸಲಿ, ದೆಸ್ಪಿನಾ."

"ಯಾರನ್ನ?"

"ಇನ್ಯಾರನ್ನ? ನಿನ್ನ ಮೆತೋದೀನ."

ಅದು ನಮ್ಮಲ್ಲಿ ಸತ್ತವರಿಗೆ ಹೇಳುವ ಮಾತು. ಆದರೆ ಮೂವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಇಂಥ ಮಾತು ಕೇಳಿದೊಡನೆ ಸಾವಿನ ಯೋಚನೆ ಬರುವುದಿಲ್ಲ. "ಯಾಕೆ, ಏನು ಮಾಡಿದ?" ಎಂದು ಕೇಳಿದೆ.

ಸ್ತೋಯ್ನಾ ಪಕ್ಕದ ಈರುಳ್ಳಿಯವಳ ಕಡೆ ತಿರುಗಿ, "ಪಾಪ, ಇನ್ನೂ ತಲೆಗೆ ಇಳಿದಿಲ್ಲ ನೋಡು" ಎಂದಳು. ಆಮೇಲೆ ಮೆಲ್ಲಗೆ ನನ್ನ ಗಲ್ಲ ಹಿಡಿದು ಮುಖವನ್ನು ವಿದ್ಯುತ್ ಕಂಬದ ಕಡೆಗೆ ತಿರುಗಿಸಿದಳು.

ಕಂಬದ ಮೇಲೆ ಮೆತೋದಿ ಇದ್ದ. ಟೈ ಕಟ್ಟಿಕೊಂಡು, ತಲೆತುಂಬ ಕೂದಲಿನೊಂದಿಗೆ, ದಪ್ಪ ಕಪ್ಪು ಅಂಚಿನ ನಡುವೆ. ಹೆಸರಿನ ಕೆಳಗೆ 1984–2022 ಎಂದಿತ್ತು. ಮುಕ್ಕಾಲು ಗಂಟೆಯ ಹಿಂದೆ ನಾನು ಮನೆ ಬಿಟ್ಟಾಗ ಅದೇ ಮೆತೋದಿ ಕೂದಲಿಲ್ಲದೆ, ಟೈ ಇಲ್ಲದೆ, ಸೌತೆಕಾಯಿಗೆ ಉಪ್ಪು ಸಾಲದೆಂದು ಗೊಣಗುತ್ತಿದ್ದ.

ನಮ್ಮೂರಲ್ಲಿ ಯಾರಾದರೂ ಸತ್ತರೆ ಅವರ ಫೋಟೋ, ಹೆಸರು, ಇಸವಿ ಇರುವ ಚೀಟಿಯನ್ನು ಕಂಬಕ್ಕೆ, ಮರಕ್ಕೆ, ಮನೆಬಾಗಿಲಿಗೆ ಅಂಟಿಸುತ್ತಾರೆ. ಪತ್ರಿಕೆ ಓದದವರೂ ಕಂಬ ಓದುತ್ತಾರೆ. ಓದುತ್ತಾರೆ ಎನ್ನುವುದೂ ಪೂರ್ತಿ ನಿಜವಲ್ಲ. ಅಂಚು ನೋಡುತ್ತಾರೆ, ಮುಖ ನೋಡುತ್ತಾರೆ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಆಮೇಲೆ ಕಾಫಿಪುಡಿಯ ಪೊಟ್ಟಣ ಹಿಡಿದು ಸತ್ತವರ ಮನೆಗೆ ಹೊರಡುತ್ತಾರೆ. ಕೆಳಗಿನ ಸಾಲುಗಳನ್ನು ಯಾರೂ ಓದುವುದಿಲ್ಲ. ಅಲ್ಲಿ ಏನಿರುತ್ತದೆಂದು ಎಲ್ಲರಿಗೂ ಗೊತ್ತು.

ಆ ದಿನ ಅಲ್ಲಿ ಇದ್ದದ್ದು ಹೀಗೆ: "ಎರಡು ಕೋಣೆಗಳು ಬಾಡಿಗೆಗೆ. ಕಿಟಕಿಯಿಂದ ಸರೋವರ ಕಾಣುತ್ತದೆ. ಇಡೀ ದಿನ ಬಿಸಿನೀರು. ಬೆಳಗಿನ ತಿಂಡಿಗೆ ಮನೆಯಲ್ಲೇ ಮಾಡಿದ ಅಂಜೂರದ ಜಾಮು." ಅದರ ಕೆಳಗೆ ನಮ್ಮ ವಿಳಾಸ. ಬರೆದವಳು ನಾನೇ. ಗ್ರಂಥಾಲಯದ ನೌಕರಿಯವಳು, ಮೂರು ಸಲ ತಿದ್ದಿದ್ದೆ. "ಅದ್ಭುತ" ಎಂಬ ಪದವನ್ನು ಎರಡು ಕಡೆ ಹೊಡೆದುಹಾಕಿದ್ದೆ. ಒಂದು ಅಕ್ಷರ ತಪ್ಪಿರಲಿಲ್ಲ. ಅಂಚಿನ ಯೋಚನೆ ಮಾತ್ರ ನನಗೆ ಬಂದಿರಲಿಲ್ಲ.

ಈ ಕೋಣೆಗಳ ಕಥೆಗೆ ಮೂಲ ಮೆತೋದಿಯ ಅಕ್ಕ ಕಲಿಯೋಪಾ. ಗಂಡ ಸತ್ತ ಮೇಲೆ ರೆಸೆನ್ ಊರಿನಲ್ಲಿ ಒಬ್ಬಳೇ ಇದ್ದಳು. ಎರಡು ಚಳಿಗಾಲದ ಹಿಂದೆ ಹನ್ನೊಂದು ದಿನಕ್ಕೆಂದು ನಮ್ಮಲ್ಲಿಗೆ ಬಂದಿದ್ದಳು. ಆ ಹನ್ನೊಂದು ದಿನಗಳಲ್ಲಿ ನನ್ನ ಅಡುಗೆಮನೆಯ ಉಪ್ಪಿನ ಡಬ್ಬಿ ನಾಲ್ಕು ಸಲ ಜಾಗ ಬದಲಾಯಿಸಿತು. ಐದನೆಯ ಜಾಗ ಯಾವುದೆಂದು ನನಗೆ ತಿಳಿಯಲಿಲ್ಲ. ಡಬ್ಬಿಯೂ ಆಮೇಲೆ ಸಿಗಲಿಲ್ಲ. ಈ ಸಲ ಈಸ್ಟರ್ ದಿನ ಫೋನು ಮಾಡಿ, "ಮೇಲಿನ ಕೋಣೆ ಸುಮ್ನೆ ಬಿದ್ದಿದೆಯಲ್ಲ, ನಾನು ಬಂದ್ಬಿಡ್ತೀನಿ" ಎಂದಳು. ಅಕ್ಕನಿಗೆ ಹುಟ್ಟಿದಾಗಿನಿಂದ ಇಲ್ಲವೆಂದು ಹೇಳದ ಮೆತೋದಿ ಗಾಬರಿಯಲ್ಲಿ, "ಅದು ಪ್ರವಾಸಿಗಳಿಗೆ ಅಂತ ಇಟ್ಟಿದೀವಿ ಅಕ್ಕಾ" ಎಂದುಬಿಟ್ಟ.

"ಯಾವ ಪ್ರವಾಸಿಗಳು?"

"ಬರ್ತಾರೆ."

"ಸರಿ. ಇಲಿಂದೆನ್ ಹಬ್ಬದವರೆಗೆ ನೋಡ್ತೀನಿ. ಅಷ್ಟರೊಳಗೆ ಒಬ್ಬನೇ ಒಬ್ಬ ಬಂದು ಆ ಮಂಚದಲ್ಲಿ ಮಲಗಿದ್ರೂ ನಾನು ತುಟಿ ಎರಡು ಮಾಡಲ್ಲ. ಇಲ್ಲಾಂದ್ರೆ ಹಬ್ಬದ ದಿನ ನನ್ನ ಬೀರು ಸಮೇತ ಬರ್ತೀನಿ."

ಇಲಿಂದೆನ್ ಎಂದರೆ ಆಗಸ್ಟ್ ಎರಡು. ಬೀರು ಎಂದರೆ ಮೂರು ಬಾಗಿಲಿನ, ನಡುವೆ ಕನ್ನಡಿಯಿರುವ ವಾಲ್‌ನಟ್ ಮರದ ಬೀರು. ಒಮ್ಮೆ ಮೇಲೆ ಹತ್ತಿದರೆ ನಮ್ಮ ಮೆಟ್ಟಿಲಿನಲ್ಲಿ ಅದು ಕೆಳಗಿಳಿಯುವ ಹಾಗಿಲ್ಲ.

ಪ್ರವಾಸಿಗಳನ್ನು ಹಿಡಿಯುವ ದಾರಿ ಊರಿಗೆಲ್ಲ ಗೊತ್ತು. ಎದುರುಮನೆಯ ಫಾನಿಯಾಳ ಹಾಗೆ ದಿನಾ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗಿ, ರಟ್ಟಿನ ಮೇಲೆ "ಕೋಣೆ" ಎಂದು ಬರೆದುಕೊಂಡು ನಿಂತು, ಬಸ್ಸಿನಿಂದ ಇಳಿದವರ ಪೆಟ್ಟಿಗೆಗೆ ಕೈಹಾಕಿ ಎಳೆದುಕೊಂಡು ಬರಬೇಕು. ಪೆಟ್ಟಿಗೆ ಬಂದರೆ ಅದರ ಹಿಂದೆ ಮನುಷ್ಯನೂ ಬರುತ್ತಾನೆ. ಆದರೆ ಮೆತೋದಿಗೆ ಅದು ಒಗ್ಗಲಿಲ್ಲ. "ಮೂವತ್ತೆಂಟು ವರ್ಷ ಈ ಊರಿನ ನೀರಿನ ಮೀಟರು ಓದಿದವನು ನಾನು. ರಟ್ಟು ಹಿಡಿದು ನಿಲ್ಲಲಾ? ಅವರೇ ನನ್ನ ಮುಖ ನೋಡಿ, ನಂಬಿ, ಹುಡುಕಿಕೊಂಡು ಬರಬೇಕು" ಎಂದ. ಮುಖಕ್ಕಾಗಿ ಇಪ್ಪತ್ತು ವರ್ಷ ಹಳೆಯ, ಕಚೇರಿಯ ಗುರುತಿನ ಚೀಟಿಯ ಫೋಟೋ ಆರಿಸಿದ. ನಂಬಿಕೆಗಾಗಿ ತನ್ನ ಸೇವೆಯ ಇಸವಿಗಳನ್ನು ಸೇರಿಸಿದ. ಅದನ್ನೆಲ್ಲ ಒಯ್ದು ಝಾಫಿರನ ಅಂಗಡಿಯಲ್ಲಿ ಕೊಟ್ಟ.

ಝಾಫಿರ್ ಊರಿನ ಸಾವಿನ ಚೀಟಿಗಳನ್ನೆಲ್ಲ ಅಚ್ಚುಹಾಕುವವನು. ಬಹಳ ಸೂಕ್ಷ್ಮದ ಮನುಷ್ಯ. ಬಂದವರನ್ನು ಏನೂ ಕೇಳುವುದಿಲ್ಲ, ಅವರ ಮುಖ ದಿಟ್ಟಿಸುವುದಿಲ್ಲ, ಕೊಟ್ಟ ಕಾಗದವನ್ನು ಓದಿ ಅವರ ದುಃಖ ಕೆದಕುವುದಿಲ್ಲ. ಅದು ಜೂನ್ ತಿಂಗಳು. ಲಿಂಡನ್ ಮರಗಳು ಹೂಬಿಟ್ಟಾಗ ಮೆತೋದಿಗೆ ಪ್ರತಿವರ್ಷ ಕಣ್ಣು ಕೆಂಪಾಗಿ ನೀರು ಸೋರುತ್ತದೆ. ಕರವಸ್ತ್ರ ಒತ್ತಿಕೊಂಡು ಫೋಟೋ ಚಾಚಿದವನನ್ನು ಕಂಡು ಝಾಫಿರ್ ತಲೆತಗ್ಗಿಸಿ, "ನೀವು ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ ಅಣ್ಣಾ. ಅಂಟಿಸೋದೂ ನಮ್ಮದೇ, ಎಲ್ಲೆಲ್ಲಿ ಅಂತ ನಮಗೆ ಗೊತ್ತು" ಎಂದನಂತೆ. ಮೆತೋದಿ ಮನೆಗೆ ಬಂದು, "ಎಂಥ ಮರ್ಯಾದೆ ಅಂತೀಯಾ! ಕುರ್ಚಿ ಕೊಟ್ಟ, ನೀರು ಕೊಟ್ಟ. ವ್ಯವಹಾರ ಅಂದ್ರೆ ಹೀಗಿರಬೇಕು" ಎಂದು ಊಟ ಮುಗಿಯುವವರೆಗೂ ಹೊಗಳಿದ್ದ.

ಹನ್ನೆರಡು ಮೊಟ್ಟೆ ಹಿಡಿದು ನಾನು ಏರುದಾರಿ ಹತ್ತಿ ಮನೆ ತಲುಪಿದಾಗ ಬಾಗಿಲು ಹಾರುಹೊಡೆದಿತ್ತು. ಕೆಳಗಿನ ಕೋಣೆಯಲ್ಲಿ ಏಳು ಹೆಂಗಸರು ಕಪ್ಪುಬಟ್ಟೆಯಲ್ಲಿ ಕೂತಿದ್ದರು. ಫಾನಿಯಾ ನನ್ನದೇ ಏಪ್ರನ್ ಕಟ್ಟಿಕೊಂಡು, ನನ್ನದೇ ಬಟ್ಟಲುಗಳಲ್ಲಿ, ನನ್ನದೇ ಕಾಫಿ ಕೊಡುತ್ತಿದ್ದಳು. ನನ್ನನ್ನು ಕಂಡವಳೇ ತಟ್ಟೆ ಇಟ್ಟು ಬಂದು ತಬ್ಬಿಕೊಂಡಳು.

"ಸಂತೆಗೆ ಹೋಗಿದ್ಯಾ? ಇಂಥ ದಿನ ಸಂತೆಗೆ ಹೋಗಿದ್ಯಾ? ಕಲ್ಲು ಕಣೇ ನೀನು, ಕಲ್ಲು!"

"ಫಾನಿಯಾ, ಸ್ವಲ್ಪ ಕೇಳು."

"ಮಾತಾಡಬೇಡ. ಅತ್ತುಬಿಡು. ನಾನು ಬೆಳಿಗ್ಗೆಯಿಂದ ಅತ್ತಿದೀನಿ, ಬಸ್ ನಿಲ್ದಾಣಕ್ಕೂ ಹೋಗಿಲ್ಲ. ಒಂಬತ್ತೂವರೆ ಬಸ್ಸು ಬಿಟ್ಟೆ, ಗೊತ್ತಾ? ಮೆತೋದಿಗೋಸ್ಕರ ಬಿಟ್ಟೆ."

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಹೆಜ್ಜೆ ಕೇಳಿತು. ಮೇಲಿನ ಸ್ನಾನದಮನೆಯ ನಲ್ಲಿ ಬಿಗಿಮಾಡುತ್ತಿದ್ದ ಮೆತೋದಿ ಕೈಯಲ್ಲಿ ಸ್ಪ್ಯಾನರ್ ಹಿಡಿದು ಇಳಿದುಬಂದ. ಕೋಣೆ ತುಂಬ ಜನರನ್ನು ಕಂಡು ಅವನ ಮುಖ ಅರಳಿತು.

"ಇಷ್ಟು ಬೇಗ ಬಂದ್ರಾ?" ಎಂದ.

ಒಬ್ಬಳು ಕಿರುಚಿದಳು. ಇನ್ನೊಬ್ಬಳ ಕೈಯ ಬಟ್ಟಲು ಜಾರಿತು; ಅದು ನನ್ನ ಮದುವೆಯ ಸೆಟ್ಟಿನದು. ಉಳಿದವರು ಒಟ್ಟಿಗೆ ಶಿಲುಬೆಯ ಗುರುತು ಮಾಡಿಕೊಂಡರು. ಫಾನಿಯಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೀನು ಸತ್ತಿಲ್ವಾ?"

"ಯಾಕೆ ಸಾಯ್ಲಿ? ನಲ್ಲಿ ರಿಪೇರಿ ಮಾಡ್ತಿದ್ದೆ."

"ಮತ್ತೆ ಚೀಟಿ ಯಾಕೆ ಹಾಕಿಸಿದೆ?"

"ಕೋಣೆ ಇದೆ ಅಂತ ಹಾಕಿಸಿದೆ. ಕೆಳಗೆ ಬರೆದಿದೆಯಲ್ಲ, ಬಿಸಿನೀರು ಅಂತ! ಓದಲಿಲ್ವಾ?"

ಏಳು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮೂಲೆಯಲ್ಲಿದ್ದ ಮುದುಕಿಯೊಬ್ಬಳು ನೊಂದ ದನಿಯಲ್ಲಿ, "ಸತ್ತವರ ಚೀಟೀನ ಯಾರಪ್ಪ ಓದ್ತಾರೆ? ಇಸವಿ ನೋಡಿ ಮೂವತ್ತೆಂಟಕ್ಕೇ ಹೋದನಲ್ಲ ಅಂತ ಎಷ್ಟು ಅತ್ತೆ ನಾನು" ಎಂದಳು. ಮೂವತ್ತೆಂಟು ವರ್ಷದ ಮನುಷ್ಯ ತನ್ನ ಮನೆಯ ಮೀಟರನ್ನು ಮೂವತ್ತೆಂಟು ವರ್ಷ ಓದಿದ್ದು ಹೇಗೆಂದು ಅವಳು ಯೋಚಿಸಿರಲಿಲ್ಲ. ಸತ್ತವರ ವಿಷಯದಲ್ಲಿ ಲೆಕ್ಕ ಹಾಕುವುದು ಮರ್ಯಾದೆಯಲ್ಲ.

ಬಂದವರು ಯಾರೂ ಎದ್ದುಹೋಗಲಿಲ್ಲ. ಕಾಫಿ ಮುಗಿದಿರಲಿಲ್ಲ. ತಂದ ಕಾಫಿಪುಡಿಯ ಪೊಟ್ಟಣಗಳನ್ನು ನಾನು ವಾಪಸು ಕೊಡಲು ಹೋದರೆ ಹಾವು ಕಂಡವರಂತೆ ಕೈ ಹಿಂದಕ್ಕೆಳೆದರು. ಸಾವಿನಮನೆಗೆ ತಂದದ್ದನ್ನು ಮತ್ತೆ ಹೊಸ್ತಿಲು ದಾಟಿಸಿದರೆ ಸಾವು ಹಿಂದೆಯೇ ಬರುತ್ತದಂತೆ. "ಸಾವು ಆಗಿಲ್ಲವಲ್ಲ" ಎಂದೆ. "ಪೊಟ್ಟಣಕ್ಕೆ ಅದು ಗೊತ್ತಾ?" ಎಂದಳು ಫಾನಿಯಾ. ಸಂಜೆಯ ಹೊತ್ತಿಗೆ ಹದಿನೇಳು ಪೊಟ್ಟಣ ಸೇರಿದ್ದವು.

ಮಧ್ಯಾಹ್ನ ಮೆತೋದಿಯ ಹಳೆಯ ಕಚೇರಿಯಿಂದ ಉಪನಿರ್ದೇಶಕ ಗವ್ರಿಲ್ ಬಂದರು. ಏರುದಾರಿ ಹತ್ತಿ ಬೆವರಿದ್ದರು. ಒಂದು ಕೈಯಲ್ಲಿ ದೊಡ್ಡ ಹೂಮಾಲೆ, ಇನ್ನೊಂದರಲ್ಲಿ ಕಡತ. ಬಾಗಿಲು ತೆರೆದವನು ಮೆತೋದಿ. ಗವ್ರಿಲ್ ಅವನನ್ನು ಬಹಳ ಹೊತ್ತು ನೋಡಿ, ಕಡತ ತೆರೆದು ಒಳಗೆ ಏನಿದೆಯೆಂದು ನೋಡಿ, ಮತ್ತೆ ಅವನನ್ನು ನೋಡಿದರು.

"ನೀವು ಇರೋದು ಸಂತೋಷ," ಎಂದರು. "ಆದರೆ ನನಗೆ ಸ್ವಲ್ಪ ತೊಂದರೆ ಆಯ್ತು. ಭಾಷಣಕ್ಕೆ ನಿರ್ದೇಶಕರ ಸಹಿ ಆಗಿದೆ. ಓದಿದೆ ಅಂತ ನಾನು ವರದಿ ಕೊಡಬೇಕು."

"ಓದಿ ಸಾರ್, ಅದಕ್ಕೇನಂತೆ," ಎಂದ ಮೆತೋದಿ. ಅವನು ಕೂತ. ಹೆಂಗಸರೆಲ್ಲ ಎದ್ದು ನಿಂತರು. ಭಾಷಣಕ್ಕೆ ನಿಲ್ಲುವುದು ರೂಢಿ.

ಗವ್ರಿಲ್ ಗಂಟಲು ಸರಿಮಾಡಿಕೊಂಡರು. "ಪ್ರಿಯ ಮೆತೋದಿ! ನೀನು ನಮ್ಮನ್ನಗಲಿದ ಈ ಗಳಿಗೆಯಲ್ಲಿ ಊರಿನ ನಲ್ಲಿಗಳೇ ಕಣ್ಣೀರಿಡುತ್ತಿವೆ. ನಿನ್ನಂಥ ಸೂಕ್ಷ್ಮದೃಷ್ಟಿಯ, ನಿಷ್ಠಾವಂತ ಮೀಟರು ಓದುಗ ಹಿಂದೆ ಇರಲಿಲ್ಲ, ಮುಂದೆ ಬರುವುದಿಲ್ಲ..."

ಮೆತೋದಿಯ ಕಣ್ಣು ಮತ್ತೆ ಒದ್ದೆಯಾಯಿತು. ಈ ಸಲ ಲಿಂಡನ್ ಹೂವಿನಿಂದಲ್ಲ. ಅವನು ನಿವೃತ್ತನಾದ ದಿನ ಅದೇ ಕಚೇರಿ ಅವನಿಗೆ ಒಂದು ಗೋಡೆಗಡಿಯಾರ ಕೊಟ್ಟಿತ್ತು. ಅದರ ಮೇಲೆ ಬೇರೆಯವರ ಹೆಸರಿತ್ತು.

"ಇದರ ಒಂದು ಪ್ರತಿ ಸಿಗುತ್ತಾ ಸಾರ್?"

"ಇಲ್ಲ, ಕಡತಕ್ಕೆ ಹೋಗ್ಬೇಕು. ಹೂಮಾಲೆ ಮಾತ್ರ ನಿಮ್ಮದು. ಇಲ್ಲೊಂದು ಸಹಿ ಹಾಕಿ, ಮೃತರ ಪರವಾಗಿ ಸ್ವೀಕರಿಸಿದವರು ಅನ್ನೋ ಕಡೆ."

"ಮೃತರಿಗೆ ಏನಾಗಬೇಕು ಅಂತ ಕೇಳಿದ್ದಾರಲ್ಲ ಇಲ್ಲಿ?"

ಗವ್ರಿಲ್ ಯೋಚಿಸಿದರು. "ಹತ್ತಿರದವರು ಅಂತ ಹಾಕಿ."

ಹತ್ತಿರದವನೆಂದು ಬರೆದು ಮೆತೋದಿ ತನ್ನ ಹೂಮಾಲೆಯನ್ನು ತಾನೇ ಸ್ವೀಕರಿಸಿದ. ಮನೆಯಲ್ಲಿ ಅದನ್ನಿಡಲು ಬೇರೆಲ್ಲೂ ಜಾಗವಿಲ್ಲದೆ ಬಾಗಿಲಿಗೆ ತೂಗುಹಾಕಿದೆವು. ಅದು ತಪ್ಪಾಯಿತು. ಬಾಗಿಲಿನ ಹೂಮಾಲೆ ಕಂಡು ಅನುಮಾನದಲ್ಲಿದ್ದವರೂ ಒಳಗೆ ಬಂದರು.

ಯಾರೋ ಫೋನಿನಲ್ಲಿ ಹೇಳಿದ ಸುದ್ದಿ ಕೇಳಿ ನಾಲ್ಕು ಗಂಟೆಯ ಬಸ್ಸಿಗೆ ಕಲಿಯೋಪಾ ಬಂದಳು. ಕಪ್ಪು ಬಟ್ಟೆ, ಕಪ್ಪು ತಲೆವಸ್ತ್ರ, ಎರಡು ದೊಡ್ಡ ಪೆಟ್ಟಿಗೆ. ಬಾಗಿಲಲ್ಲೇ ನನ್ನನ್ನು ಎದೆಗಪ್ಪಿಕೊಂಡಳು.

"ಹೆದರಬೇಡ ದೆಸ್ಪಿನಾ. ಇನ್ನು ನಿನ್ನ ಒಬ್ಬಳನ್ನೇ ಬಿಡಲ್ಲ. ಸಾಯೋವರೆಗೂ ನಿನ್ನ ಜೊತೇಲೇ ಇರ್ತೀನಿ."

"ಅತ್ತಿಗೆ, ಮೆತೋದಿ ಬದುಕಿದಾನೆ" ಎಂದೆ. ಆ ಮಾತನ್ನು ಅಷ್ಟು ಆಸೆಯಿಂದ ನಾನು ಹಿಂದೆಂದೂ ಹೇಳಿರಲಿಲ್ಲ.

ಕಲಿಯೋಪಾ ಒಳಗೆ ಹೋಗಿ, ಬೀನ್ಸ್ ಸಾರಿಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನೋ ಇದು?"

"ತಪ್ಪಾಯ್ತು ಅಕ್ಕಾ."

"ಎರಡು ಬಸ್ಸು ಬದಲಾಯಿಸಿ ಬಂದಿದೀನಿ ಕಣೋ. ದಾರಿಯುದ್ದಕ್ಕೂ ಅತ್ತಿದೀನಿ. ಪಕ್ಕದಲ್ಲಿ ಕೂತಿದ್ದವನು ಕಿತ್ತಳೆಹಣ್ಣು ಸುಲಿದು ಕೊಟ್ಟ. ಅವನಿಗೆ ನಾನು ಯಾವ ಮುಖ ಇಟ್ಟುಕೊಂಡು ಉತ್ತರ ಹೇಳ್ಲಿ?"

"ಅವನು ನಿನಗೆ ಮತ್ತೆ ಸಿಗಲ್ಲ ಬಿಡು ಅಕ್ಕಾ."

"ಬಾಯಿ ಮುಚ್ಚು. ಬಂದದ್ದು ಬಂದಾಯ್ತು, ಕೋಣೆ ಅಳೆದುಕೊಂಡು ಹೋಗ್ತೀನಿ."

ಮೂರು ದಿನ ಇದ್ದಳು. ಬೀರು ಯಾವ ಗೋಡೆಗೆ ಬರಬೇಕೆಂದು ನೂಲಿನಿಂದ ಅಳೆದಳು. ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಹಾಕಿದಳು. ನನ್ನ ಪಾತ್ರೆ ಒರೆಸುವ ಬಟ್ಟೆಗಳಿಗೆ ಇಸ್ತ್ರಿ ಮಾಡಿದಳು. ಹೊರಡುವಾಗ ಎದುರುಮನೆಗೂ ಕೇಳುವ ಹಾಗೆ, "ಇಲಿಂದೆನ್!" ಎಂದು ಹೇಳಿಹೋದಳು. ನಾನು ಮೇಲೆ ಹೋಗಿ ಸೀಮೆಸುಣ್ಣದ ಗೆರೆ ಒರೆಸಿದೆ. ಮೂರು ಸಲ ಒರೆಸಿದರೂ ಅದು ಹೋಗಲಿಲ್ಲ.

ಕಂಬದ ಚೀಟಿಗಳನ್ನು ಕಿತ್ತುಹಾಕೋಣವೆಂದು ಮೆತೋದಿ ಮರುದಿನವೇ ಹೊರಟಿದ್ದ. ಸಾವಿನ ಚೀಟಿಯನ್ನು ಕೀಳುವುದು ನಮ್ಮಲ್ಲಿ ಸಮಾಧಿಯ ಕಲ್ಲು ಕಿತ್ತಷ್ಟು ಪಾಪ. ಅದು ಮಳೆಗೆ ನೆನೆದು ತಾನಾಗಿಯೇ ಬೀಳಬೇಕು. ದೊಡ್ಡ ಚಿನಾರ್ ಮರದ ಹತ್ತಿರ ಒಬ್ಬ ಪೊಲೀಸಿನವನು ಅವನ ತೋಳು ಹಿಡಿದ.

"ಏನ್ರೀ, ಸತ್ತವರ ಚೀಟಿ ಕೀಳ್ತೀರಲ್ಲ, ನಾಚಿಕೆ ಆಗಲ್ವಾ?"

"ಅದು ನಾನೇ ಸಾರ್!"

ಪೊಲೀಸಿನವನು ಚೀಟಿ ನೋಡಿದ, ಇವನನ್ನು ನೋಡಿದ. "ಸುಮ್ನೆ ಹೋಗ್ರೀ. ಅವರೆಷ್ಟು ಲಕ್ಷಣವಾಗಿದ್ರು."

ಮೆತೋದಿ ಮನೆಗೆ ಬಂದು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ. ಚೀಟಿಗಳು ಹಾಗೆಯೇ ಉಳಿದವು. ಮಳೆಯೂ ಬರಲಿಲ್ಲ.

ಜುಲೈ ತಿಂಗಳಲ್ಲಿ ಊರು ತುಂಬಿ ಸರೋವರಕ್ಕೇ ಚೆಲ್ಲುವಷ್ಟು ಪ್ರವಾಸಿಗಳು ಬಂದರು. ನಮ್ಮ ಮನೆಗೆ ಒಬ್ಬರೂ ಬರಲಿಲ್ಲ. ಫಾನಿಯಾಳ ಮನೆ ತುಂಬಿ, ಅಡುಗೆಮನೆಯಲ್ಲೂ ಒಬ್ಬ ಜರ್ಮನ್ ಮಲಗಿದ್ದ. ಜಾಗವಿಲ್ಲದೆ ವಾಪಸು ಕಳಿಸಿದವರನ್ನಾದರೂ ನಮ್ಮಲ್ಲಿಗೆ ಕಳಿಸಬಾರದೇ ಎಂದು ಕೇಳಿದೆ.

"ಕಳಿಸ್ತಿದ್ದೆ ಕಣೇ. ಆದ್ರೆ ಮನಸ್ಸು ಒಪ್ಪಲ್ಲ. ಸಾವು ಆದ ಮನೆ ಅಲ್ವಾ?"

"ಫಾನಿಯಾ, ನಿನ್ನೆ ಮೆತೋದಿ ನಿನ್ನ ಗ್ಯಾಸ್ ಸಿಲಿಂಡರ್ ಎತ್ತಿಕೊಟ್ಟ."

"ಎತ್ತಿಕೊಟ್ಟ, ಇಲ್ಲ ಅಂದ್ನಾ? ಒಳ್ಳೆ ಮನುಷ್ಯ. ದೇವರು ಕ್ಷಮಿಸಲಿ."

ಕೊನೆಗೆ ಜುಲೈ ಇಪ್ಪತ್ತೇಳರಂದು ಮೆತೋದಿ ಅಭಿಮಾನ ನುಂಗಿಕೊಂಡು ರಟ್ಟು ಹಿಡಿದು ಬಸ್ ನಿಲ್ದಾಣಕ್ಕೆ ಹೋದ. ಎಡವಟ್ಟು ಮಾಡಿಯಾನೆಂದು ನಾನೂ ಹಿಂದೆ ಹೋಗಿ ಟಿಕೆಟ್ ಕಿಟಕಿಯ ಮರೆಯಲ್ಲಿ ನಿಂತೆ. ಅವನು ಏನೂ ಎಡವಟ್ಟು ಮಾಡಲಿಲ್ಲ. ಸುಮ್ಮನೆ ನಿಂತಿದ್ದ. ಊರಿನವರು ಒಬ್ಬೊಬ್ಬರಾಗಿ ಅವನನ್ನು ಕಂಡು ಬೆಚ್ಚಿ ಶಿಲುಬೆಯ ಗುರುತು ಮಾಡಿಕೊಂಡರು. ಬಸ್ಸಿನಿಂದ ಇಳಿದವರು ಮೊದಲು ಊರಿನವರನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು, ಆಮೇಲೆ ತಮ್ಮ ಪೆಟ್ಟಿಗೆಗಳನ್ನು ಗಟ್ಟಿಯಾಗಿ ಹಿಡಿದು ಆಚೆಯಿಂದ ಸುತ್ತಿಹೋದರು. ಸಂಜೆ ಇಬ್ಬರೂ ಏರುದಾರಿ ಹತ್ತಿದೆವು. ಆ ರಾತ್ರಿ ನಾನು ಸೀಮೆಸುಣ್ಣದ ಗೆರೆಯನ್ನು ಒರೆಸಲು ಹೋಗಲಿಲ್ಲ. ನಮಗೆ ಸುಸ್ತಾಗಿತ್ತು.

ಜುಲೈ ಮೂವತ್ತರ ಬೆಳಿಗ್ಗೆ ಎಂಟಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ಫಾನಿಯಾ, ಕಪ್ಪುಬಟ್ಟೆಯಲ್ಲಿ, ಕೈಯಲ್ಲಿ ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ದೊಡ್ಡ ತಟ್ಟೆ. ಮೇಲೆ ಸಕ್ಕರೆಪುಡಿ, ಅದರ ಮೇಲೆ ಆಕ್ರೋಟಿನಲ್ಲಿ ಶಿಲುಬೆ.

"ನಲವತ್ತನೆಯ ದಿನ ಇವತ್ತು. ಮರೆತುಬಿಟ್ಯಾ?"

"ಯಾರದು?"

"ಹೊಸ ಚೀಟಿ ಹಾಕಿಸಿದೀಯಲ್ಲ. ಊರಿಗೂರೇ ಅಂಟಿದೆ."

ಅಂಗಡಿಗೆ ಫೋನು ಮಾಡಿದೆ. ಝಾಫಿರ್ ಮೆಲುದನಿಯಲ್ಲಿ ವಿವರಿಸಿದ. ಅವನಲ್ಲಿ ಮೊದಲ ಚೀಟಿಯ ಜೊತೆಗೇ ನಲವತ್ತನೆಯ ದಿನದ್ದೂ ಆರು ತಿಂಗಳದ್ದೂ ಸೇರಿರುತ್ತವೆ. ದುಃಖದಲ್ಲಿರುವವರನ್ನು ಮತ್ತೆ ಮತ್ತೆ ಅಂಗಡಿಗೆ ಓಡಾಡಿಸಬಾರದಲ್ಲ. ಫೋಟೋ ಅದೇ, ಬರಹ ಅದೇ, ಅಂಚು ಮಾತ್ರ ಸ್ವಲ್ಪ ತೆಳು. "ಚೆನ್ನಾಗಿ ಬಂದಿದೆಯಾ ಅಮ್ಮಾ?" ಎಂದು ಕೇಳಿದ. ಅವನು ಎರಡನೆಯ ಸಲವೂ ಓದಿರಲಿಲ್ಲ. ಅವನ ಸೂಕ್ಷ್ಮಕ್ಕೆ ಎದುರು ಹೇಳುವ ತ್ರಾಣ ನನಗಿರಲಿಲ್ಲ.

ಹತ್ತು ಗಂಟೆಗೆ ಅಂಗಳ ತುಂಬಿತ್ತು. ಕೆಲವರು, ಎರಡೆರಡು ಸಲ ಸುಳ್ಳುಚೀಟಿ ಬರುತ್ತದೆಯೇ, ಈ ಸಲ ನಿಜವಾಗಿಯೂ ಹೋಗಿರಬೇಕು ಎಂದುಕೊಂಡು ಬಂದಿದ್ದರು. ಉಳಿದವರಿಗೆ ನಿಜ ಗೊತ್ತಿತ್ತು. ಆದರೂ ಚೀಟಿ ಬಿದ್ದ ಮೇಲೆ ಬರದಿದ್ದರೆ ಜನ ಏನಂದಾರು? ಮೆತೋದಿ ಎಲ್ಲರಿಗೂ ಬೆಂಚು ಹಾಕಿ, ಹಣ್ಣಿನ ಸಾರಾಯಿ ರಾಕಿಯಾ ಬಗ್ಗಿಸಿ, ತನ್ನ ಆತ್ಮಕ್ಕೆಂದು ತಾನೂ ಎರಡು ಹನಿ ನೆಲಕ್ಕೆ ಚೆಲ್ಲಿದ. ಸ್ತೋಯ್ನಾ ಮೊಟ್ಟೆ ತಂದಿದ್ದಳು. ಗವ್ರಿಲ್ ಮಾತ್ರ ಬರಲಿಲ್ಲ. ನಲವತ್ತನೆಯ ದಿನಕ್ಕೆ ಭಾಷಣವಿರುವುದಿಲ್ಲ.

ಆಗ ತೆರೆದ ಬಾಗಿಲಿನ ಮುಂದೆ ಇಬ್ಬರು ಬಂದು ನಿಂತರು. ಎತ್ತರದ ಒಬ್ಬ ಮುದುಕ, ಅವನಷ್ಟೇ ಎತ್ತರದ ಹೆಂಡತಿ, ಬಿಸಿಲಿಗೆ ಇಬ್ಬರ ಮೂಗೂ ಕೆಂಪು, ಬೆನ್ನಿನ ಮೇಲೆ ಚೀಲ. ಮುದುಕ ತನ್ನ ಫೋನನ್ನು ಮುಂದೆ ಚಾಚಿದ. ಅದರಲ್ಲಿ ನಮ್ಮ ಚೀಟಿಯ ಚಿತ್ರವಿತ್ತು. ಅವನು ಏನೋ ಹೇಳಿದ, ಫೋನು ನಮ್ಮ ಭಾಷೆಯಲ್ಲಿ, ಶಾಲೆಯ ಮೇಷ್ಟರ ದನಿಯಲ್ಲಿ ಹೇಳಿತು: "ನಮಸ್ಕಾರ. ನಾವು ಎಸ್ತೋನಿಯಾದವರು. ಆರ್ವೊ ಮತ್ತು ಹೆಲ್ವಿ. ಮರದ ಮೇಲೆ ಓದಿದೆವು. ಇಡೀ ದಿನ ಬಿಸಿನೀರು ಎಂಬುದು ನಿಜವೇ?"

ನಲವತ್ತು ದಿನಗಳಲ್ಲಿ ಊರಿನ ಒಂದು ಜೀವವೂ ಓದದ ಸಾಲನ್ನು ದೂರದ ಚಳಿದೇಶದಿಂದ ಬಂದವರು ಓದಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಫಾನಿಯಾ ಮಾತು ಶುರುಮಾಡಿದ್ದಳು. ಅವಳ ಕೈ ಆಗಲೇ ಹೆಲ್ವಿಯ ಚೀಲದ ಪಟ್ಟಿಯ ಮೇಲಿತ್ತು.

"ಅಯ್ಯೋ ಇಲ್ಲಿ ಬೇಡ! ಈ ಮನೆಯವರು ಸತ್ತು ಇವತ್ತಿಗೆ ನಲವತ್ತು ದಿನ. ನಮ್ಮನೆಗೆ ಬನ್ನಿ, ಎದುರಿಗೇ ಇದೆ. ಜರ್ಮನ್ ನಾಳೆ ಹೋಗ್ತಾನೆ!"

ಫೋನು ಅದನ್ನೂ ನಿಷ್ಠೆಯಿಂದ ಅವರ ಭಾಷೆಗೆ ತಿರುಗಿಸಿತು. ಇಬ್ಬರೂ ಗಾಬರಿಯಾಗಿ ಟೊಪ್ಪಿ ತೆಗೆದರು. ಹೋಗಿಬಿಡುತ್ತಾರೆ ಎಂದುಕೊಂಡೆ. ನನ್ನ ಕಣ್ಣಿಗೆ ಮೂರು ಬಾಗಿಲಿನ ಬೀರು ಮೆಟ್ಟಿಲು ಹತ್ತುವುದು ಸ್ಪಷ್ಟವಾಗಿ ಕಂಡಿತು.

ಮೆತೋದಿ ಓಡಿಬಂದು ಎದೆ ತಟ್ಟಿಕೊಂಡ. "ನಾನೇ! ನಾನೇ ಅದು!"

ಆರ್ವೊ ಫೋನಿನ ಫೋಟೋ ನೋಡಿದ. ಮೆತೋದಿಯನ್ನು ನೋಡಿದ. ಅವನ ಕಣ್ಣಲ್ಲಿ ಮರುಕ ತುಂಬಿತು. ಮೆಲ್ಲಗೆ ಏನೋ ಹೇಳಿದ. ಫೋನು ಕೇಳಿತು: "ತಾವು ಮೃತರ ತಂದೆಯೇ?"

ಮೆತೋದಿಗೆ ಅಷ್ಟು ದಿನದಲ್ಲಿ ನಿಜವಾಗಿ ನೋವಾದದ್ದು ಆಗಲೇ ಇರಬೇಕು. ಅವನು ಹೆಲ್ವಿಯ ಚೀಲವನ್ನು ಫಾನಿಯಾಳ ಕೈಯಿಂದ ಬಿಡಿಸಿಕೊಂಡ, ಆರ್ವೊನ ಚೀಲವನ್ನೂ ಎತ್ತಿಕೊಂಡ, ಮೆಟ್ಟಿಲು ಹತ್ತಿಹೋದ. ಚೀಲ ಹೋದಲ್ಲಿ ಮನುಷ್ಯ ಹೋಗುತ್ತಾನೆಂಬ ಫಾನಿಯಾಳ ವಿದ್ಯೆ ಕೊನೆಗೂ ಅವನಿಗೆ ಒಲಿದಿತ್ತು. ಇಬ್ಬರೂ ಅವನ ಹಿಂದೆ ಹೋದರು. ಕೆಳಗೆ ನಾವೆಲ್ಲ ಕತ್ತು ಎತ್ತಿ ಕೂತೆವು. ಮೇಲೆ ನಲ್ಲಿ ತಿರುಗಿದ ಸದ್ದು, ನೀರು ಬಿದ್ದ ಸದ್ದು. ಆಮೇಲೆ ಹೆಲ್ವಿಯ ಕೂಗು. ಅದು ಬಿಸಿ ನೀರಿಗೆ ಕೈಯಿಟ್ಟ ಹೆಂಗಸಿನ ಕೂಗು. ಅದನ್ನು ಯಾವ ಫೋನೂ ಅನುವಾದಿಸಬೇಕಾಗಿರಲಿಲ್ಲ.

ಸ್ನಾನ ಮಾಡಿ ಇಳಿದುಬಂದವರಿಗೆ ನಮ್ಮವರು ಬೆಂಚಿನಲ್ಲಿ ಜಾಗ ಬಿಟ್ಟು ಗೋಧಿ ಕೊಟ್ಟರು, ಮೊಟ್ಟೆ ಕೊಟ್ಟರು, ಬೀನ್ಸ್ ಕೊಟ್ಟರು. ಆರ್ವೊ ಸಂತೋಷದಿಂದ ರಾಕಿಯಾ ಲೋಟ ಎತ್ತಿ ಮೆತೋದಿಯ ಲೋಟಕ್ಕೆ ತಾಗಿಸಲು ಚಾಚಿದ. ಸಾವಿನ ಮನೆಯಲ್ಲಿ ಲೋಟ ತಾಗಿಸಬಾರದು.

ಮೆತೋದಿ ಸುತ್ತಲೂ ನೋಡಿದ. "ನಂದೇ ತಾನೇ ಸಾವು?" ಎಂದು ಟಣ್ಣೆಂದು ತಾಗಿಸಿಬಿಟ್ಟ.

"ಸತ್ತವನೇ ತಾಗಿಸಿದ ಮೇಲೆ ನಮ್ಮದೇನಂತೆ," ಎಂದಳು ಸ್ತೋಯ್ನಾ. ಆಮೇಲೆ ಅಂಗಳದ ಲೋಟಗಳೆಲ್ಲ ಒಂದಕ್ಕೊಂದು ತಾಗಿದವು. ಫಾನಿಯಾ ಮಾತ್ರ ತನ್ನ ಗೋಧಿಯ ತಟ್ಟೆ ಎತ್ತಿಕೊಂಡಳು. ಹೊಸ್ತಿಲವರೆಗೆ ಹೋದವಳು ಏನೋ ನೆನಪಾಗಿ ನಿಂತಳು. ತಟ್ಟೆಯನ್ನು ವಾಪಸು ತಂದಿಟ್ಟು, ಬರಿಗೈಯಲ್ಲಿ ಹೋದಳು.

ಇಲಿಂದೆನ್ ದಿನ ಬೆಳಿಗ್ಗೆ ಕಲಿಯೋಪಾ ಬಂದಳು. ಹಿಂದೆ ಒಂದು ಸಣ್ಣ ಲಾರಿ, ಅದರಲ್ಲಿ ಬೀರು, ಕನ್ನಡಿಯಲ್ಲಿ ನಮ್ಮ ಬೀದಿಯೆಲ್ಲ ಅಲ್ಲಾಡುತ್ತಿತ್ತು. ಇಬ್ಬರು ಆಳುಗಳು ಅದನ್ನು ಅಂಗಳಕ್ಕೆ ಇಳಿಸಿದರು. ಅವಳು ತೋಳು ಮಡಿಸಿಕೊಂಡು ಮೆಟ್ಟಿಲಿನ ಕಡೆ ಹೊರಟವಳು ಬಟ್ಟೆಯ ತಂತಿಯ ಕೆಳಗೆ ನಿಂತುಬಿಟ್ಟಳು. ತಂತಿಯ ಮೇಲೆ ನಾಲ್ಕು ಕಾಲುಚೀಲಗಳು ತೂಗುತ್ತಿದ್ದವು, ಒಂದೊಂದೂ ಸಣ್ಣ ದೋಣಿಯಷ್ಟು ಉದ್ದ.

"ಇದು ಯಾರದು?"

"ಪ್ರವಾಸಿಗಳದು ಅತ್ತಿಗೆ."

ಅವಳು ಒಂದನ್ನು ಹಿಡಿದು ನೋಡಿದಳು, ಹಿಂಡಿ ನೋಡಿದಳು. ಒದ್ದೆಯಾಗಿತ್ತು. ಮೆತೋದಿಯ ಪಾದದ ಅಳತೆ ಅವಳಿಗೆ ಚೆನ್ನಾಗಿ ಗೊತ್ತು.

"ಎಷ್ಟು ದಿನ ಇರ್ತಾರೆ?"

"ವಾರ ಅಂದಿದ್ರು. ಈಗ ಸೆಪ್ಟೆಂಬರ್ ಅಂತಿದಾರೆ," ಎಂದ ಮೆತೋದಿ. "ಇಲ್ಲಿ ದಿನಾ ನನ್ನ ನಲವತ್ತನೆಯ ದಿನದ ಹಾಗೆ ಅಂಗಳದ ತುಂಬ ಜನ ಊಟಕ್ಕೆ ಬರ್ತಾರೆ ಅಂದ್ಕೊಂಡಿದಾರೆ, ಅಕ್ಕಾ."

ಕಲಿಯೋಪಾ ಮಾತಿಗೆ ತಪ್ಪುವವಳಲ್ಲ. ತುಟಿ ಎರಡು ಮಾಡಲಿಲ್ಲ. ಒಂದು ಕಾಫಿ ಕುಡಿದಳು. ಅದರ ಪುಡಿ ಅವಳ ತಮ್ಮನ ಸಾವಿಗೆ ಬಂದದ್ದು. ಲಾರಿ ಹತ್ತುವಾಗ ಮಾತ್ರ ಹೇಳಿದಳು: "ನೆಟ್ಟಗೆ ಸಾಯೋದಕ್ಕೂ ಬರಲಿಲ್ಲ ಕಣೋ ನಿನಗೆ."

"ಬೀರು, ಅಕ್ಕಾ?"

"ಇಲ್ಲೇ ಇರಲಿ. ಚಳಿಗಾಲದಲ್ಲಿ ಯಾವ ಪ್ರವಾಸಿ ಬರ್ತಾನೆ ನೋಡೋಣ. ಡಿಸೆಂಬರ್‌ಗೆ ಬರ್ತೀನಿ."

ಲಾರಿ ಹೋಯಿತು. ಬೀರು ಅಂಗಳದ ನಡುವೆ ನಿಂತಿತ್ತು, ಕನ್ನಡಿಯಲ್ಲಿ ನಾವಿಬ್ಬರು ನಿಂತಿದ್ದೆವು. ಸರೋವರದ ಕಡೆಯಿಂದ ಗಾಳಿ ಬೀಸಿ ಅದರ ಎಡಬಾಗಿಲು ತಾನಾಗಿಯೇ ತೆರೆದುಕೊಂಡಿತು. ಒಳಗೆ, ಮಡಿಸಿದ ಹೊದಿಕೆಗಳ ಮೇಲೆ, ನನ್ನ ಉಪ್ಪಿನ ಡಬ್ಬಿ ಇತ್ತು.

ಡಬ್ಬಿ ತೆಗೆದುಕೊಂಡು ಒಳಗಿಟ್ಟೆ. ಆಮೇಲೆ ಝಾಫಿರನ ಅಂಗಡಿಗೆ ಇಳಿದುಹೋದೆ. ಅವನು ಎದ್ದುನಿಂತು ಕುರ್ಚಿ ಕೊಟ್ಟ, ನೀರು ಕೊಟ್ಟ. ಆರು ತಿಂಗಳ ಚೀಟಿ ಯಾವಾಗ ಬೀಳುತ್ತದೆಂದು ಕೇಳಿದೆ.

"ಡಿಸೆಂಬರ್ ಇಪ್ಪತ್ತೊಂದಕ್ಕೆ, ಅಮ್ಮಾ." ಅವನು ನನ್ನ ಮುಖ ನೋಡದೆ, ಬಹಳ ಮೆಲ್ಲಗೆ ಕೇಳಿದ. "ಮನಸ್ಸಿಗೆ ಭಾರ ಆಗುತ್ತೆ ಅಂದ್ರೆ ನಿಲ್ಲಿಸ್ಲಾ?"

"ಬೇಡ, ಅಂಟಿಸಿ," ಎಂದೆ. "ಒಂದು ಸಾಲು ಸೇರಿಸಬೇಕು. ಕೋಣೆಯಲ್ಲಿ ಚಳಿ ಕಾಯಿಸೋಕೆ ಒಲೆ ಇದೆ ಅಂತ."

ಝಾಫಿರ್ ತಲೆತಗ್ಗಿಸಿಕೊಂಡು ಬರೆದುಕೊಂಡ. ಓದಲಿಲ್ಲ.